ಯಾವ ಕುಕ್ಕರ್ ತಗೋಬೇಕು? ಸ್ಟೀಲಾ ಅಲ್ಯೂಮಿನಿಯಮ್ಮಾ ಅನ್ನೋಕೂ ಮುಂಚೆ ನೋಡ್ಬೇಕಾದ್ದು

ಹೊಸ ಕುಕ್ಕರ್ ತಗೋಬೇಕು ಅನ್ನೋರು ಹೆಚ್ಚುಕಮ್ಮಿ ಎಲ್ರೂ ಮೊದ್ಲು ಕೇಳೋದು ಒಂದೇ ಪ್ರಶ್ನೆ, ಸ್ಟೀಲ್ ತಗೊಳ್ಲಾ ಅಲ್ಯೂಮಿನಿಯಂ ತಗೊಳ್ಲಾ ಅಂತ. ಅದು ಮುಗಿದ್ಮೇಲೆ ಮೂರು ಲೀಟರಾ ಐದು ಲೀಟರಾ, ಆಮೇಲೆ ನೆನಪಾದ್ರೆ ಮುಚ್ಚಳ ಎಂಥದ್ದು ಅಂತ. ನನ್ ಪ್ರಕಾರ ಈ ಕ್ರಮಾನೇ ಉಲ್ಟಾ. ಯಾರ ಮನೇಲಾದ್ರೂ ಒಂದು ಕುಕ್ಕರ್ ಅಟ್ಟ ಸೇರಿದೆ ಅಂದ್ರೆ ಅದು ಅಲ್ಯೂಮಿನಿಯಂ ಅನ್ನೋ ಕಾರಣಕ್ಕೆ ಸೇರಿರೋದು ಕಮ್ಮಿ, ಸೈಜ್ ಸರಿಹೋಗ್ಲಿಲ್ಲ, ತುಂಬಿದ್ಮೇಲೆ ಎತ್ತೋಕಾಗ್ಲಿಲ್ಲ, ಒಲೆ ಬದ್ಲಾಯ್ತು, ಗ್ಯಾಸ್ಕೆಟ್ ಎಲ್ಲೂ ಸಿಗ್ಲಿಲ್ಲ, ಇಂಥಾ ಕಾರಣಗಳೇ ಜಾಸ್ತಿ. ಹಾಗಾಗಿ ಲೋಹದ ವಿಷ್ಯ ಆಮೇಲೆ ನೋಡೋಣ.

ಮೊದ್ಲು ಒಂದು ಮಾತು ತಲೇಲಿಟ್ಕೊಳ್ಳಿ. ತೆರೆದ ಪಾತ್ರೇಲಿ ಎಷ್ಟೇ ಜೋರು ಉರಿ ಇಟ್ರೂ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಲ್ಲ, ಕುದೀತಾನೇ ಇರುತ್ತೆ ಅಷ್ಟೇ. ಹಬೇನ ಒಳಗೇ ಕಟ್ಟಿಹಾಕಿ ಹೊರಗಿನ ಗಾಳಿಗಿಂತ 15 ಪಿಎಸ್ಐ, ಅಂದ್ರೆ ಸುಮಾರು ಚದರ ಸೆಂಟಿಮೀಟರ್‌ಗೆ 1 ಕೆಜಿಯಷ್ಟು, ಜಾಸ್ತಿ ಒತ್ತಡ ಮಾಡಿದ್ರೆ ಅದೇ ನೀರು 121 ಡಿಗ್ರಿ ಹತ್ರ ಹೋಗುತ್ತೆ. ಕಾಳು ಬೇಗ ಬೇಯೋದು ಈ ಇಪ್ಪತ್ತು ಚಿಲ್ಲರೆ ಡಿಗ್ರಿಯಿಂದ, ಬೇರೇನೂ ಮಾಯ ಇಲ್ಲ. ಫ್ರಾನ್ಸಿನ ವಿಜ್ಞಾನಿ ಡೆನಿಸ್ ಪಾಪಿನ್ 1679ರಲ್ಲಿ ಮಾಡಿದ ಮೊದಲ 'ಡೈಜೆಸ್ಟರ್', ಅಂದ್ರೆ ಇವತ್ತಿನ ಕುಕ್ಕರ್ರಿನ ಪೂರ್ವಜ, ಅದೂ ಕೂಡ ಮಾಡ್ತಾ ಇದ್ದಿದ್ದು ಇದನ್ನೇ, ಮೂಳೆ ಮೆತ್ತಗಾಗೋ ತನಕ ಬೇಯಿಸೋದು. ಇದ್ಯಾಕೆ ಹೇಳ್ತಿದೀನಿ ಅಂದ್ರೆ, 15 ಪಿಎಸ್ಐ ಕೊಡೋ ಸಾದಾ ಕುಕ್ಕರ್ರು, 15 ಪಿಎಸ್ಐ ಕೊಡೋ ಅದರ ನಾಲ್ಕು ಪಟ್ಟು ದುಡ್ಡಿನ ಕುಕ್ಕರ್ರು ಎರಡ್ರೊಳಗೂ ಬಿಸಿ ಒಂದೇ. ಜಾಸ್ತಿ ದುಡ್ಡು ಕೊಟ್ರೆ ಬೇಳೆ ಜಾಸ್ತಿ ಬೇಯಲ್ಲ. ಆ ದುಡ್ಡು ಹೋಗೋದು ತಳ ಹಿಡೀದೇ ಇರೋಕೆ, ಬಾಳಿಕೆಗೆ, ಗಲಾಟೆ ಕಮ್ಮಿ ಆಗೋಕೆ, ನೋಟಕ್ಕೆ. ಇವೆಲ್ಲಾ ನಿಮಗೆ ಬೇಕಾ ಬೇಡ್ವಾ ಅನ್ನೋದು ಬೇರೆ ಲೆಕ್ಕ.

ಇನ್ನು ಯಾವುದನ್ನಿಟ್ಕೊಂಡು ಅಳೀಬೇಕು ಅಂದ್ರೆ, ನಾನಿಡೋ ಕ್ರಮ ಇದು: ಮನೇಲಿರೋ ಒಲೆ ಯಾವ್ದು, ದಿನಾ ಎಷ್ಟು ಜನಕ್ಕೆ ಏನು ಬೇಯಿಸ್ತೀರಿ, ಮುಚ್ಚಳ ಹಾಕಿ ತೆಗೆಯೋರು ಯಾರು ಅವರ ಕೈಗೆ ಎಷ್ಟು ಬಲ ಇದೆ, ಒತ್ತಡ ಹಿಡಿಯೋ ವ್ಯವಸ್ಥೆ ವೆಯ್ಟಾ ಸ್ಪ್ರಿಂಗಾ, ಲೋಹ ಯಾವ್ದು, ಕೊನೆಗೆ ಬಿಡಿಭಾಗ ಸಿಗುತ್ತಾ. ದುಡ್ಡು ಇದ್ರಲ್ಲಿ ಎಲ್ಲಾದ್ರಲ್ಲೂ ಇದ್ದೇ ಇರುತ್ತೆ.

ಒಲೆ

ಇದು ಬೇಗ ಮುಗಿಯೋ ವಿಷ್ಯ. ಗ್ಯಾಸ್ ಒಲೆಗೆ ಯಾವ ಕುಕ್ಕರ್ ಆದ್ರೂ ನಡೆಯುತ್ತೆ, ತಳ ಒಂಚೂರು ಒಳಕ್ಕೆ ಬಾಗಿದ್ರೂ ತೊಂದ್ರೆ ಇಲ್ಲ. ಇಂಡಕ್ಷನ್‌ಗೆ ಬರೀ ಅಲ್ಯೂಮಿನಿಯಂ ಬಿಸಿ ಆಗೋದೇ ಇಲ್ಲ, ತಳಕ್ಕೆ ಮ್ಯಾಗ್ನೆಟ್ ಹಿಡಿಯೋ ಉಕ್ಕಿನ ತಗಡು ಕೂರಿಸಿರ್ಬೇಕು. ಸ್ಟೀಲ್ ಅಂದ್ಮೇಲೆ ಇಂಡಕ್ಷನ್‌ಗೆ ಆಗ್ಲೇಬೇಕಲ್ವಾ ಅಂತ ಕೆಲವರು ಅನ್ಕೋತಾರೆ, ಆಗ್ಲೇಬೇಕು ಅಂತೇನಿಲ್ಲ, ಪಾತ್ರೆಗೆ ಬಳಸೋ 18/8 (ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರೋ) ಸ್ಟೀಲ್‌ಗೆ ಮ್ಯಾಗ್ನೆಟ್ ಸರಿಯಾಗಿ ಅಂಟಲ್ಲ, ಅದಕ್ಕೇ ತಳದ ಹೊರ ಪದರಕ್ಕೆ ಬೇರೆ ಜಾತಿ ಸ್ಟೀಲ್ ಹಾಕ್ತಾರೆ. ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಒಂದು ಜೇಬಲ್ಲಿಟ್ಕೊಂಡು ಹೋಗಿ ತಳಕ್ಕೆ ಹಿಡಿದು ನೋಡಿ, ಮಧ್ಯದಲ್ಲಷ್ಟೇ ಅಲ್ಲ ಅಂಚಿನ ತನಕ. ಬರೀ ನಡುವಿನ ಸಣ್ಣ ವೃತ್ತಕ್ಕೆ ಮಾತ್ರ ಅಂಟಿದ್ರೆ ಬಿಸಿ ಆಗೋದೂ ಅಷ್ಟೇ ಜಾಗ, ಅಲ್ಲೇ ತಳ ಹಿಡಿಯೋದು.

ಗಾಜಿನ ಮೇಲ್ಮೈ ಇರೋ ಎಲೆಕ್ಟ್ರಿಕ್ ಒಲೆ ಇದ್ರೆ ತಳ ಪೂರ್ತಿ ಚಪ್ಪಟೆ ಇರ್ಬೇಕು. ಆ ಒಲೇಲಿ ಇನ್ನೊಂದು ತಾಪತ್ರಯ ಇದೆ, ಉರಿ ಕಮ್ಮಿ ಮಾಡಿದ್ರೂ ಗಾಜು ತಕ್ಷಣ ತಣ್ಣಗಾಗಲ್ಲ, ಕುಕ್ಕರ್ ಕೂಗ್ತಾನೇ ಇರುತ್ತೆ, ಪಕ್ಕಕ್ಕೆ ಎತ್ತಿಡ್ಬೇಕಾಗುತ್ತೆ. ಅಂಥವರು ಭಾರದ ದೊಡ್ಡ ಕುಕ್ಕರ್ ತಗೊಳ್ಳೋ ಮುಂಚೆ ಯೋಚ್ನೆ ಮಾಡಿ. ಇವತ್ತು ಗ್ಯಾಸ್ ಇದೆ ನಾಳೆ ಇಂಡಕ್ಷನ್‌ಗೆ ಹೋಗ್ಬಹುದು ಅನ್ನೋರು ಎರಡಕ್ಕೂ ಆಗೋದನ್ನೇ ತಗೊಂಡ್ಬಿಡಿ, ವ್ಯತ್ಯಾಸ ದೊಡ್ಡದಾಗಿರಲ್ಲ.

ಸೈಜ್: ಡಬ್ಬದ ಮೇಲಿನ ಲೀಟರ್ ನಂಬ್ಬೇಡಿ

ಇಲ್ಲಿ ಸ್ವಲ್ಪ ನಿಂತು ನೋಡ್ಬೇಕು, ಯಾಕಂದ್ರೆ ಜಾಸ್ತಿ ಜನ ಎಡವೋದು ಇಲ್ಲೇ. ಕುಕ್ಕರ್ ಮೇಲೆ 5 ಲೀಟರ್ ಅಂತ ಬರ್ದಿದ್ರೆ ಅದು ಕಂಠದ ತನಕ ತುಂಬಿದ್ರೆ ಹಿಡಿಯೋ ನೀರಿನ ಲೆಕ್ಕ. ಅಷ್ಟು ನೀವು ಯಾವತ್ತೂ ತುಂಬೋ ಹಾಗಿಲ್ಲ. ಹಬೆಗೆ ಜಾಗ ಬೇಕು, ಹಾಗಾಗಿ ಮೂರ್ನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬ್ಬಾರ್ದು, ಅದೂ ನೊರೆ ಬರೋ ಉಬ್ಬೋ ಪದಾರ್ಥ ಆದ್ರೆ, ಅಂದ್ರೆ ಅಕ್ಕಿ, ಬೇಳೆ, ಒಣ ಕಾಳು, ಅರ್ಧ ಮಾತ್ರ. ಕೆಲವು ಕಂಪನಿಯೋರು ಬೇಳೆಗೆ ಇನ್ನೂ ಕಮ್ಮಿ ಹೇಳ್ತಾರೆ. ಲೆಕ್ಕ ಹಾಕಿ ನೋಡಿ: 2 ಲೀಟರಿಂದ್ರಲ್ಲಿ ಬೇಳೆ ನೀರು ಎಲ್ಲಾ ಸೇರಿ 1 ಲೀಟರ್, 3 ಲೀಟರಿಂದ್ರಲ್ಲಿ ಒಂದೂವರೆ, 5ರಲ್ಲಿ ಎರಡೂವರೆ, 8ರಲ್ಲಿ ನಾಲ್ಕು. ನಾಲ್ಕು ಜನ ಇದೀವಿ 3 ಲೀಟರ್ ಸಾಕು ಅಂತ ತಂದು, ದಿನಾ ವಾಲ್ವ್ ತೂತಿಂದ ಹಳದಿ ನೀರು ಚಿಮ್ಮಿ ಒಲೆ ತುಂಬಾ ಅಂಟಂಟು ಆದ್ಮೇಲೆ, ಈ ಕಂಪನಿ ಸರಿ ಇಲ್ಲ ಅಂತ ಬಯ್ಯೋರು ಬಹಳ ಜನ. ಕಂಪನಿ ತಪ್ಪಲ್ಲ ಅದು, ತುಂಬಿದ್ದು ಜಾಸ್ತಿ.

ಹಂಗಂತ ದೊಡ್ಡದೇ ತಗೊಂಡ್ಬಿಟ್ರೆ ಆಯ್ತಲ್ಲ ಅನ್ನೋದೂ ಸರಿ ಅಲ್ಲ. ದೊಡ್ಡ ಕುಕ್ಕರ್ರಲ್ಲಿ ಒಂದು ಹಿಡಿ ಬೇಳೆ ಬೇಯಿಸೋಕೂ ಅಷ್ಟೂ ಲೋಹ ಬಿಸಿ ಆಗ್ಬೇಕು, ಒಳಗಿನ ಅಷ್ಟೂ ಜಾಗ ಹಬೆಯಿಂದ ತುಂಬ್ಬೇಕು, ಕೆಳಗೆ ಕನಿಷ್ಠ ಇಷ್ಟು ನೀರು ಅಂತ ಹಾಕ್ಲೇಬೇಕು, ಅದ್ರಿಂದ ಗಟ್ಟಿಯಾಗಿರ್ಬೇಕಾದ್ದು ನೀರಾಗುತ್ತೆ. ಇಬ್ರೇ ಇರೋರಿಗೆ 3 ಲೀಟರ್ ಹಿತವಾಗಿರುತ್ತೆ, ಒಬ್ರಿಗೆ 2. ನಾಲ್ಕೈದು ಜನಕ್ಕೆ 5. ಆರೇಳು ಜನ ದಾಟಿದ್ರೆ, ಇಲ್ಲಾ ವಾರಕ್ಕಾಗೋಷ್ಟು ಕಾಳು ಒಟ್ಟಿಗೆ ಬೇಯಿಸಿ ಫ್ರೀಜರ್‌ಗೆ ಹಾಕೋ ಅಭ್ಯಾಸ ಇದ್ರೆ 7-8ಕ್ಕೆ ಹೋಗಿ. ಯಾವ್ದೋ ವರ್ಷಕ್ಕೊಂದು ಸಲ ನೆಂಟರು ಬರೋದಕ್ಕೋಸ್ಕರ 8 ಲೀಟರ್ ತಗೊಳ್ಳೋ ಬದ್ಲು ಅವತ್ತು ಎರಡು ಸಲ ಬೇಯಿಸಿಬಿಡಿ, ಮಿಕ್ಕ ದಿನ ಪೂರ್ತಿ ಆ ಭಾರ ತೊಳೆಯೋದು ತಪ್ಪುತ್ತೆ. ಕೈಗೆ ದುಡ್ಡಿದ್ರೆ ಒಂದು ದೊಡ್ಡದಕ್ಕಿಂತ 2 ಮತ್ತು 5 ಲೀಟರಿನ ಜೋಡಿ ಎಷ್ಟೋ ವಾಸಿ, ಅನ್ನ ಒಂದ್ರಲ್ಲಿ ಬೇಳೆ ಒಂದ್ರಲ್ಲಿ.

ಆಕಾರಾನೂ ಸೈಜಿನ ಜೊತೇನೇ ಬರುತ್ತೆ. ಒಂದೇ 5 ಲೀಟರ್ ಎತ್ತರವಾಗಿಯೂ ಇರುತ್ತೆ, ಅಗಲವಾಗಿಯೂ ಇರುತ್ತೆ. ಒಳಗೆ ಒಂದರ ಮೇಲೊಂದು ಪಾತ್ರೆ ಇಟ್ಟು ಹಬೇಲಿ ಬೇಯಿಸೋರಿಗೆ ಎತ್ತರದ್ದು. ಈರುಳ್ಳಿ, ಮಾಂಸ ಎಲ್ಲಾ ಅದ್ರಲ್ಲೇ ಹುರಿದು ಆಮೇಲೆ ಮುಚ್ಚಳ ಹಾಕೋರಿಗೆ ಅಗಲದ್ದು, ಇಲ್ಲಾಂದ್ರೆ ಮಾಂಸದ ತುಂಡು ಒಂದರ ಮೇಲೊಂದು ಬಿದ್ದು ಹುರಿಯೋ ಬದ್ಲು ನೀರು ಬಿಟ್ಕೊಳ್ಳುತ್ತೆ. ಪುಟ್ಟ ಬರ್ನರ್ ಮೇಲೆ ತೀರಾ ಅಗಲದ ಪ್ಯಾನ್ ಇಟ್ರೆ ನಡು ಸೀದು ಅಂಚು ಹಸಿ ಇರುತ್ತೆ ಅನ್ನೋದೂ ನೆನಪಿರ್ಲಿ.

ಮುಚ್ಚಳ ಒಳಗಿಂದಾ ಹೊರಗಿಂದಾ

ಇಲ್ಲೊಂದು ಚಿಕ್ಕ ಲೆಕ್ಕ. 20 ಸೆಂ.ಮೀ. ಅಗಲದ ಮುಚ್ಚಳದ ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಪ್ರತಿ ಚದರ ಸೆಂಟಿಮೀಟರ್‌ಗೆ 1 ಕೆಜಿ ಅಂದ್ರೆ ಕುಕ್ಕರ್ ಕೂಗೋ ಹೊತ್ತಿಗೆ ಆ ಮುಚ್ಚಳಾನ ಒಳಗಿಂದ ಮುನ್ನೂರು ಕೆಜಿಗೂ ಮೀರಿದ ಬಲ ತಳ್ತಾ ಇರುತ್ತೆ. ಮುಚ್ಚಳದ ವಿನ್ಯಾಸ ಯಾಕೆ ಮುಖ್ಯ ಅಂತ ಇದಕ್ಕಿಂತ ಜಾಸ್ತಿ ಹೇಳೋದು ಬೇಡ.

ಒಳಮುಚ್ಚಳದ ಕುಕ್ಕರ್ರಲ್ಲಿ, ಹಾಕಿನ್ಸ್‌ನ ಹಳೇ ಮಾದರಿ ನೋಡಿರ್ತೀರಲ್ಲ ಅದು, ಮುಚ್ಚಳ ಪೂರ್ತಿ ಗುಂಡಗಿರಲ್ಲ, ಒಂಚೂರು ಮೊಟ್ಟೆಯಾಕಾರ. ಅದನ್ನ ಓರೆ ಮಾಡಿ ಬಾಯೊಳಗೆ ಇಳಿಸಿ, ತಿರುಗಿಸಿ, ಮೇಲಕ್ಕೆ ಎಳೆದು ಅಂಚಿಗೆ ಕೂರಿಸಿ, ಹಿಡಿ ಮೇಲಿನ ಕೊಂಡಿ ಸಿಕ್ಕಿಸ್ಬೇಕು. ಈಗ ಆ ಮುನ್ನೂರು ಕೆಜಿ ಮುಚ್ಚಳಾನ ಹೊರಕ್ಕೆ ಎಸೆಯೋಕಲ್ಲ, ಅಂಚಿಗೆ ಇನ್ನೂ ಗಟ್ಟಿಯಾಗಿ ಒತ್ತೋಕೆ ಕೆಲ್ಸ ಮಾಡುತ್ತೆ. ಒಳಗೆ ಒತ್ತಡ ಇರೋ ತನಕ ನೀವು ಏನು ಮಾಡಿದ್ರೂ ತೆಗೆಯೋಕಾಗಲ್ಲ, ಯಾಕಂದ್ರೆ ತೆಗೀಬೇಕು ಅಂದ್ರೆ ಮೊದ್ಲು ಒಳಕ್ಕೆ ತಳ್ಬೇಕು. ಯಾವ ಲಾಕೂ ಇಲ್ದೆ ಬರೀ ಆಕಾರದಿಂದಾನೇ ಬರೋ ಈ ಸುರಕ್ಷತೆ ನನಗೆ ಬಹಳ ಇಷ್ಟ. ಅವಸರದೋರು, ಮರೆವಿನೋರು ಅಡುಗೆ ಮಾಡೋ ಮನೆಗೆ ಇದೇ ಸರಿ.

ಆದ್ರೆ ಅದ್ರ ಕಷ್ಟಾನೂ ಇದೆ. ಬಾಯಿ ಚಿಕ್ಕದು, ಒಳಗಿಡೋ ಪಾತ್ರೆ ಆ ಬಾಯಿ ದಾಟ್ಬೇಕು, ದೊಡ್ಡ ಸೌಟು ಹಾಕಿ ಕೈಯಾಡಿಸೋಕೂ ಕಿರಿಕಿರಿ. ಕಂಠದ ತನಕ ತುಂಬಿದ್ರೆ ಮುಚ್ಚಳ ಅಡುಗೆಗೇ ಮುಳುಗುತ್ತೆ. ಓರೆ ಮಾಡಿ ತಿರುಗಿಸೋ ಆ ಮಣಿಕಟ್ಟಿನ ಚಲನೆ ಸಂಧಿವಾತ ಇರೋರಿಗೆ, ವಯಸ್ಸಾದೋರಿಗೆ ನೋವು ಕೊಡುತ್ತೆ, ಹೊಸದಾಗಿ ಕಲಿಯೋರಿಗೂ ಮೊದ್ಲ ಒಂದೆರಡು ವಾರ ಗೋಳು.

ಹೊರಮುಚ್ಚಳದ್ದು ಮೇಲಿಂದ ಕೂತು ತಿರುಗಿ ಹಲ್ಲುಗಳಿಗೆ ಸಿಕ್ಕಾಕ್ಕೊಳ್ಳುತ್ತೆ. ಬಾಯಿ ಪೂರ್ತಿ ಅಗಲ, ಪಾತ್ರೆ ಇಡೋದು ತೆಗೆಯೋದು ತೊಳೆಯೋದು ಸಲೀಸು, 7-8 ಲೀಟರ್ ದಾಟಿದ್ರೆ ನಾನಂತೂ ಇದನ್ನೇ ಹೇಳೋದು. ಆದ್ರೆ ಇಲ್ಲಿ ಅಷ್ಟೂ ಬಲ ಆ ಹಲ್ಲುಗಳ ಮೇಲೆ ಬೀಳುತ್ತೆ, ಮುಚ್ಚಳ ಅರ್ಧಂಬರ್ಧ ತಿರುಗಿಸಿ ಬಿಟ್ರೆ ಅಪಾಯ, ಒತ್ತಡ ಇಳಿಯೋ ಮುಂಚೆ ಯಾರಾದ್ರೂ ಬಲವಂತವಾಗಿ ತಿರುಗಿಸಿದ್ರೆ ಇನ್ನೂ ಅಪಾಯ. ಅದಕ್ಕೆ ಹೊರಮುಚ್ಚಳ ತಗೊಳ್ಳೋರು ಒಂದನ್ನ ಪಟ್ಟು ಹಿಡಿದು ನೋಡ್ಬೇಕು: ಒತ್ತಡ ಬಂದಾಗ ತಾನಾಗೇ ಮೇಲೆದ್ದು ಮುಚ್ಚಳಾನ ಲಾಕ್ ಮಾಡೋ ಪಿನ್ ಇದ್ಯಾ ಅಂತ. ಆ ಪಿನ್ ಇರೋದನ್ನೇ ತಗೊಳ್ಳಿ. ಒಂಚೂರು ಜಾಸ್ತಿ ಆದ್ರೂ ಕೊಡೋದಕ್ಕೆ ಅರ್ಥ ಇರೋ ದುಡ್ಡು ಅಂದ್ರೆ ಇದು.

ಕೂಗೋ ವೆಯ್ಟಾ, ಕೂಗದ ಸ್ಪ್ರಿಂಗಾ

ವೆಯ್ಟ್ ಅಂದ್ರೆ ಮುಚ್ಚಳದ ತೂತಿನ ಮೇಲೆ ಕೂರೋ ಭಾರ. ಒತ್ತಡ ಆ ಭಾರನ ಎತ್ತೋಷ್ಟಾದಾಗ ಭುಸ್ ಅಂತ ಹಬೆ ಬಿಡುತ್ತೆ, ಮತ್ತೆ ಕೂರುತ್ತೆ. ಕೆಡೋಕೆ ಅದ್ರಲ್ಲಿ ಏನೂ ಇಲ್ಲ, ಅದೇ ಅದ್ರ ದೊಡ್ಡ ಗುಣ. ತೂತು 4 ಮಿ.ಮೀ. ಅಗಲ ಇದ್ರೆ 1 ಕೆಜಿ ಒತ್ತಡಕ್ಕೆ ಸುಮಾರು 125 ಗ್ರಾಂ ವೆಯ್ಟ್ ಬೇಕು, 3 ಮಿ.ಮೀ. ಆದ್ರೆ 70 ಗ್ರಾಂ ಸಾಕು. ಹಾಗಾಗಿ ಒಂದು ಕುಕ್ಕರ್ ವಿಷಲ್ ಕಳೆದುಹೋದ್ರೆ ಇನ್ನೊಂದು ಕಂಪನಿದು ಕೂತ್ಕೊಳ್ಳುತ್ತಲ್ಲ ಅಂತ ಹಾಕೋದು ಬೇಡ, ಕೂತ್ಕೊಂಡ್ರೂ ಒಳಗಿನ ಒತ್ತಡ ಬೇರೆ ಆಗಿರುತ್ತೆ, ಅದು ಕಮ್ಮಿ ಆದ್ರೆ ಕಾಳು ಬೇಯಲ್ಲ, ಜಾಸ್ತಿ ಆದ್ರೆ ಹೇಳೋದೇ ಬೇಡ.

ವೆಯ್ಟ್ ಕುಕ್ಕರ್ರಿನ ತೊಂದ್ರೆ ಏನಂದ್ರೆ ಗಲಾಟೆ, ಜೊತೆಗೆ ಪ್ರತಿ ಕೂಗಿಗೂ ನೀರು ಹಬೆಯಾಗಿ ಹೊರಗೆ ಹೋಗುತ್ತೆ. ಇನ್ನೊಂದು, ಕೂಗಿನ ಲೆಕ್ಕದಲ್ಲಿ ಅಡುಗೆ ಮಾಡೋದು. ಮೂರು ಕೂಗು ಅಂತ ಯಾರೋ ಹೇಳಿದ್ದು ಅವರ ಉರಿಗೆ, ಅವರ ಸೈಜಿಗೆ, ಅವರು ಹಾಕಿದ ನೀರಿಗೆ. ಜೋರು ಉರೀಲಿ ಮೂರು ಕೂಗು ಎರಡೇ ನಿಮಿಷದಲ್ಲಿ ಆಗ್ಬಹುದು, ಸಣ್ಣ ಉರೀಲಿ ಹತ್ತು ನಿಮಿಷ ಹಿಡೀಬಹುದು, ಒಳಗೆ ಬೆಂದಿರೋದು ಒಂದೇ ಥರ ಇರಲ್ಲ. ಮೊದಲ ಕೂಗು ಬಂದ್ಮೇಲೆ ಉರಿ ಸಣ್ಣ ಮಾಡಿ ಗಡಿಯಾರ ನೋಡ್ಕೊಂಡ್ರೆ ಹೊಸ ಕುಕ್ಕರ್ ತಂದಾಗ ಈ ಗೊಂದಲಾನೇ ಇರಲ್ಲ, ಗ್ಯಾಸೂ ಉಳಿಯುತ್ತೆ.

ಸ್ಪ್ರಿಂಗ್ ವಾಲ್ವಿನದ್ದು, ಸ್ವಿಟ್ಜರ್ಲೆಂಡಿನ ಕೂನ್ ರಿಕಾನ್ ಥರದ್ದು, ಹಬೆ ಬಿಡೋದು ತೀರಾ ಕಮ್ಮಿ. ಮುಚ್ಚಳದ ನಡುವಿಂದ ಒಂದು ಕಡ್ಡಿ ಮೇಲೇಳುತ್ತೆ, ಗೆರೆ ಎಷ್ಟು ಕಾಣಿಸ್ತು ಅಂತ ನೋಡಿ ಉರಿ ಇಳಿಸ್ಬೇಕು. ಕೆಲವದ್ರಲ್ಲಿ ಎರಡು ಮಟ್ಟ ಇರುತ್ತೆ, ತರಕಾರಿ ಮೀನಿಗೆ ಕಮ್ಮಿದು, ಕಾಳು ಮಾಂಸಕ್ಕೆ ಜಾಸ್ತಿದು. ನೀರು ಆವಿಯಾಗೋದು ಕಮ್ಮಿ ಆದ್ರಿಂದ ಮೊದ್ಲೇ ಅಳತೆಯಾಗಿ ಹಾಕ್ಬಹುದು, ಸಾರಿನ ಪರಿಮಳ ಒಳಗೇ ಉಳಿಯುತ್ತೆ, ಮಗು ಮಲಗಿರೋ ಮನೆಗೆ ಶಾಂತಿ. ಆದ್ರೆ ಕಿವಿ ಮೇಲೆ ಅಡುಗೆ ಮಾಡೋರಿಗೆ, ಅಂದ್ರೆ ಹಾಲ್‌ನಲ್ಲಿ ಕೂತು ಕೂಗು ಎಣಿಸೋರಿಗೆ, ಇದು ಒಗ್ಗಲ್ಲ. ಇದು ಕಣ್ಣಲ್ಲಿ ನೋಡಿ ಉರಿ ಸರಿಮಾಡೋ ಯಂತ್ರ. ಮೇಲಾಗಿ ಬೆಲೆ ಜಾಸ್ತಿ, ಸ್ಪ್ರಿಂಗ್ ಭಾಗ ಬಿಚ್ಚಿ ತೊಳೀಬೇಕು, ನೊರೆ ಸಿಕ್ಕಾಕ್ಕೊಂಡ್ರೆ ಕಿರಿಕಿರಿ. ಈ ಥರದ್ರಲ್ಲಿ ಕೆಲವು ಮಾದರಿ 15 ಪಿಎಸ್ಐಗಿಂತ ಕಮ್ಮಿ ಒತ್ತಡದಲ್ಲಿ ನಡೆಯುತ್ತವೆ, ಹಂಗಿದ್ರೆ ಬೇಯೋಕೆ ಟೈಮ್ ಜಾಸ್ತಿ ಬೇಕು, ತಗೊಳ್ಳೋ ಮುಂಚೆ ಪುಸ್ತಕದಲ್ಲಿ ಆ ಸಂಖ್ಯೆ ಹುಡುಕಿ.

ಎತ್ತರದ ಗುಡ್ಡಗಾಡಲ್ಲಿ ಇರೋರು ಪೂರ್ತಿ 15 ಪಿಎಸ್ಐ ಕೊಡೋದನ್ನೇ ಆರಿಸ್ಕೊಳ್ಳಿ. ಮೇಲಕ್ಕೆ ಹೋದ ಹಾಗೆ ಪ್ರತಿ 300 ಮೀಟರ್‌ಗೆ ನೀರು ಕುದಿಯೋ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತೆ, ಕುಕ್ಕರ್ ತನ್ನ ಒತ್ತಡಾನ ಅಲ್ಲಿನ ತೆಳು ಗಾಳಿ ಮೇಲೇ ಸೇರಿಸೋದು, ಹಾಗಾಗಿ ಅಲ್ಲೂ ಒಂಚೂರು ಹೊತ್ತು ಜಾಸ್ತಿ ಬೇಯಿಸ್ಬೇಕಾಗುತ್ತೆ.

ಈಗ ಲೋಹ

ಸಾದಾ ಅಲ್ಯೂಮಿನಿಯಂ: ಹಗುರ, ಅಗ್ಗ, ಬಿಸಿ ಹರಡೋದ್ರಲ್ಲಿ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚುರುಕು. ಅದಕ್ಕೇ ಅಗ್ಗದ ಅಲ್ಯೂಮಿನಿಯಂ ಕುಕ್ಕರ್ರಲ್ಲಿ ತಳ ಹಿಡಿಯೋದು ಅಗ್ಗದ ಸ್ಟೀಲ್ ಕುಕ್ಕರ್ರಿಗಿಂತ ಕಮ್ಮಿ. ತೊಂದ್ರೆ ಹುಳಿ ಜೊತೆ, ಹುಣಸೆ ಟೊಮೇಟೊ ನಿಂಬೆ ಹಾಕಿ ಬಹಳ ಹೊತ್ತು ಬೇಯಿಸಿದ್ರೆ ಲೋಹ ಸ್ವಲ್ಪ ಬಿಡುತ್ತೆ, ರುಚೀನೂ ಕೆಡ್ಬಹುದು, ಬೇಯಿಸಿದ್ದನ್ನ ಅದ್ರಲ್ಲೇ ರಾತ್ರಿಯೆಲ್ಲಾ ಬಿಟ್ರೆ ಗುಳಿ ಗುಳಿ ಬೀಳುತ್ತೆ. ಒಳಗೆ ಕಪ್ಪಾಗೋದು ನೀರಿನ ಗುಣದಿಂದ, ಅದಕ್ಕೆ ಗಾಬರಿ ಬೇಡ. ಡಿಶ್‌ವಾಷರ್‌ಗೆ ಹಾಕ್ಬೇಡಿ, ಆ ಪುಡಿಯ ಕ್ಷಾರಕ್ಕೆ ಲೋಹ ಮಂಕಾಗಿ ತಿನ್ಕೊಂಡು ಹೋಗುತ್ತೆ. ಆರೋಗ್ಯದ ಭಯ ಕೇಳೋರಿಗೆ: ಮರೆವಿನ ರೋಗಕ್ಕೂ ಅಲ್ಯೂಮಿನಿಯಂ ಪಾತ್ರೆಗೂ ಸಂಬಂಧ ಇದೆ ಅಂತ ಸಾಬೀತಾಗಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 2011ರಲ್ಲಿ ಎಲ್ಲಾ ಮೂಲದಿಂದ ಸೇರಿ ವಾರಕ್ಕೆ ದೇಹದ ತೂಕದ ಕೆಜಿಗೆ 2 ಮಿಲಿಗ್ರಾಂ ತನಕ ಅಂತ ಮಿತಿ ಇಟ್ಟಿದೆ. ಬರೀ ಅನ್ನ ಬೇಳೆ ತರಕಾರಿ ಬೇಯಿಸೋರಿಗೆ, ಅದ್ರಲ್ಲೂ ಒಳಗೆ ಬೇರೆ ಪಾತ್ರೆ ಇಟ್ಟು ಬೇಯಿಸೋರಿಗೆ, ಲೋಹದ ಚಿಂತೆ ದೊಡ್ಡದಲ್ಲ. ದಿನಾ ಹುಳಿ ಅಡುಗೆ ನೇರವಾಗಿ ಅದ್ರಲ್ಲೇ ಮಾಡೋರು ಬೇರೆದಕ್ಕೆ ಹೋಗಿ.

ಹಾರ್ಡ್ ಅನೋಡೈಸ್ಡ್, ಕಪ್ಪು ಬಣ್ಣದ್ದು, ಇದೂ ಅಲ್ಯೂಮಿನಿಯಮ್ಮೇ, ಮೇಲಿನ ಆಕ್ಸೈಡ್ ಪದರಾನ ವಿದ್ಯುತ್ ಹಾಯಿಸಿ ದಪ್ಪ ಮಾಡಿರ್ತಾರೆ. ಅದು ಬಳಿದ ಪೇಂಟ್ ಅಲ್ಲ, ಲೋಹದಿಂದಾನೇ ಬೆಳೆದ ಪದರ, ಹಾಗಾಗಿ ಸುಲಭಕ್ಕೆ ಸುಲಿಯಲ್ಲ, ಹುಳಿಗೂ ಸಾದಾದ್ದಕ್ಕಿಂತ ಚೆನ್ನಾಗಿ ತಡೆಯುತ್ತೆ. ಬಿಸಿ ಹರಡೋ ಗುಣ ಹಾಗೇ ಇರುತ್ತೆ. ಕಪ್ಪು ಒಳಗೋಡೆ ಮೇಲೆ ಈರುಳ್ಳಿ ಕೆಂಪಾಯ್ತಾ ಕಪ್ಪಾಯ್ತಾ ಅಂತ ಕಾಣಲ್ಲ ಅನ್ನೋದೊಂದು ಕಿರಿಕಿರಿ, ಒರಟು ಸ್ಟೀಲ್ ನಾರಲ್ಲಿ ತಿಕ್ಕೋ ಹಾಗಿಲ್ಲ ಅನ್ನೋದು ಇನ್ನೊಂದು. ಗ್ಯಾಸ್ ಒಲೆ ಇರೋ, ನಡು ಬಜೆಟ್ಟಿನ ಮನೆಗೆ ನಾನು ಕಣ್ಮುಚ್ಚಿ ಹೇಳೋದು ಇದನ್ನೇ.

ಸ್ಟೀಲ್‌ನಲ್ಲಿ ಎರಡು ಜಾತಿ, ಇಲ್ಲೇ ಅಂಗಡೀಲಿ ಮೋಸ ಹೋಗೋದು. ಒಂದು, ಮೈಯೆಲ್ಲಾ ಒಂದೇ ಪದರದ ತೆಳು ಸ್ಟೀಲ್, ತಳಕ್ಕೆ ಮಾತ್ರ ಅಲ್ಯೂಮಿನಿಯಂ ಬಿಲ್ಲೆ ಸೇರಿಸಿರೋ ಸ್ಯಾಂಡ್‌ವಿಚ್ ಬಾಟಮ್. ಇನ್ನೊಂದು ಟ್ರೈಪ್ಲೈ, ಸ್ಟೀಲ್-ಅಲ್ಯೂಮಿನಿಯಂ-ಸ್ಟೀಲ್ ಮೂರು ಪದರ ತಳದಿಂದ ಗೋಡೆ ತುದಿ ತನಕ. ಮೊದಲನೇದ್ರಲ್ಲಿ ಆ ಬಿಲ್ಲೆ ದಪ್ಪ ಇದ್ದು ತಳದ ಅಂಚಿನ ತನಕ ಬಂದಿದ್ರೆ ತಕರಾರಿಲ್ಲ, ಒಳ್ಳೇ ಕುಕ್ಕರ್ರೇ. ಬಿಲ್ಲೆ ತೆಳ್ಳಗಿದ್ದು ಅಂಚಿಗಿಂತ ಒಳಗೇ ನಿಂತಿದ್ರೆ, ಜೋರು ಉರಿ ಬಿಲ್ಲೆ ದಾಟಿ ಮೇಲೇರಿ ಬರೀ ಸ್ಟೀಲ್ ಇರೋ ಕಡೆ ನೆಕ್ಕುತ್ತೆ, ಗೋಡೆ ತಳ ಸೇರೋ ಮೂಲೇಲಿ ಸುತ್ತ ಕಂದು ಉಂಗುರದ ಹಾಗೆ ಸೀದಿರುತ್ತೆ. ಒಂದು ಸಲ ನೀರು ಪೂರ್ತಿ ಇಂಗಿ ಬರಿ ಕುಕ್ಕರ್ ಕಾದ್ರೆ ಆ ಬಿಲ್ಲೆ ಬಿಟ್ಕೊಳ್ಳೋದೂ ಉಂಟು.

ಟ್ರೈಪ್ಲೈಗೆ ಈ ಕಷ್ಟ ಇಲ್ಲ, ಹುಳಿಗೆ ಜಗ್ಗಲ್ಲ, ಹುರಿಯೋಕೂ ಚೆನ್ನ, ಜೋಪಾನವಾಗಿಟ್ಕೊಂಡ್ರೆ ಒಂದು ತಲೆಮಾರು ಬರುತ್ತೆ. ಬೆಲೆ ಜಾಸ್ತಿ, ಅದು ಗೊತ್ತಿರೋದೇ. ಭಾರದ ವಿಷ್ಯ ಮಾತ್ರ ಯಾರೂ ಹೇಳಲ್ಲ. ಸ್ಟೀಲ್ ಅಲ್ಯೂಮಿನಿಯಮ್ಮಿಗಿಂತ ಸುಮಾರು ಮೂರು ಪಟ್ಟು ಸಾಂದ್ರ, 5 ಲೀಟರಿನದ್ರಲ್ಲಿ ಮೂರು ಲೀಟರ್ ಅಡುಗೆ ಇದ್ರೆ ಅದೇ ಮೂರು ಕೆಜಿ, ಅದರ ಮೇಲೆ ಕುಕ್ಕರ್ ಭಾರ, ಅದನ್ನ ಒಂದೇ ಉದ್ದ ಹಿಡಿ ಹಿಡಿದು ಸಿಂಕಿನ ತನಕ ಒಯ್ಯೋದು ಎಲ್ಲರ ಕೈಲೂ ಆಗಲ್ಲ. ಎದುರುಗಡೆ ಪುಟ್ಟ ಹಿಡಿ ಇನ್ನೊಂದು ಇರೋದನ್ನೇ ನೋಡಿ.

ಒಳಗೆ ನಾನ್‌ಸ್ಟಿಕ್ ಕೋಟಿಂಗ್ ಇರೋ ಕುಕ್ಕರ್ರೂ ಬರುತ್ವೆ, ನನಗೆ ಅದ್ರ ಅವಶ್ಯಕತೆ ಕಾಣಲ್ಲ. ಕುಕ್ಕರ್ರಲ್ಲಿ ಬೇಯೋದು ನೀರಲ್ಲಿ, ಅಂಟೋಕೆ ಅಲ್ಲಿ ಏನಿದೆ.

ಸುರಕ್ಷತೆ, ಬಿಡಿಭಾಗ

ವೆಯ್ಟ್ ತೂತು ಕಟ್ಕೊಂಡ್ರೆ ಎರಡನೇ ದಾರಿ ಬೇಕು. ಕೆಲವದ್ರಲ್ಲಿ ಕರಗೋ ಲೋಹದ ಸೇಫ್ಟಿ ವಾಲ್ವ್ ಇರುತ್ತೆ, ನೀರು ಇಂಗಿ ಬಿಸಿ ಮಿತಿ ಮೀರಿದ್ರೆ ಕರಗಿ ಹಬೆ ಬಿಟ್ಬಿಡುತ್ತೆ. ಇನ್ನು ಕೆಲವದ್ರಲ್ಲಿ ಮುಚ್ಚಳದ ಅಂಚಲ್ಲಿ ಒಂದು ಸೀಳು, ಒತ್ತಡ ಮೀರಿದ್ರೆ ಗ್ಯಾಸ್ಕೆಟ್ ಆ ಸೀಳಿಂದ ಹೊರಗೆ ಉಬ್ಬಿ ಹಬೆ ಹೋಗುತ್ತೆ. ವೆಯ್ಟ್ ಬಿಟ್ಟು ಇಂಥದ್ದು ಕನಿಷ್ಠ ಒಂದು, ಎರಡಿದ್ರೆ ಒಳ್ಳೇದು. ಮಾನ್ಯತೆಯ ಗುರುತೂ ನೋಡಿ, ಭಾರತದ್ದು ಐಎಸ್ 2347, ಯುರೋಪಿನದು ಇಎನ್ 12778, ಅಮೆರಿಕದ್ದು ಯುಎಲ್ 136. ಯಾವುದೂ ಇಲ್ದೆ ಬರೀ ಚಂದ ಇರೋದನ್ನ ಎಷ್ಟು ಅಗ್ಗಕ್ಕೆ ಕೊಟ್ರೂ ಬೇಡ, ಆ ಮುನ್ನೂರು ಕೆಜಿ ಲೆಕ್ಕ ಮತ್ತೆ ಹೇಳ್ಬೇಕಾಗಿಲ್ಲ ಅಲ್ವಾ.

ಗ್ಯಾಸ್ಕೆಟ್ ಸವೆಯೋ ವಸ್ತು, ಗಟ್ಟಿಯಾಗಿ, ಸಡಿಲಾಗಿ, ಸೀಳು ಬಿಟ್ಟು ಬದ್ಲಾಯಿಸೋ ಕಾಲ ಬಂದೇ ಬರುತ್ತೆ. ಕುಕ್ಕರ್ ಹತ್ತಿಪ್ಪತ್ತು ವರ್ಷ ಬರ್ಬೇಕು ಅಂದ್ರೆ ಅದೇ ಮಾದರಿಯ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಹಿಡಿ ಅಷ್ಟು ವರ್ಷ ಸಿಗ್ಬೇಕು. ಹೊಸ ಹೆಸರಿನ ಮಿರಿಮಿರಿ ಟ್ರೈಪ್ಲೈಗಿಂತ, ಬಿಡಿಭಾಗ ಎಲ್ಲಿ ಕೇಳಿದ್ರೂ ಸಿಗೋ ಸಾದಾ ಕುಕ್ಕರ್ ಎಷ್ಟೋ ಮೇಲು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ತಗೊಳ್ಳೋವಾಗ್ಲೇ ಒಂದು ಗ್ಯಾಸ್ಕೆಟ್ ಜಾಸ್ತಿ ಕೇಳಿ, ಸ್ಟಾಕ್ ಇಲ್ಲ ತರಿಸ್ಬೇಕು ಅಂದ್ರೆ ನಿಮಗೆ ಉತ್ತರ ಸಿಕ್ತು.

ಹಂಗಾದ್ರೆ ಯಾರಿಗೆ ಯಾವ್ದು

ಒಬ್ರೇ ಇದೀರಿ, ರೂಮಲ್ಲಿ ಇಂಡಕ್ಷನ್ ಇದೆ, ದುಡ್ಡು ಅಷ್ಟಕ್ಕಷ್ಟೆ: 2 ಲೀಟರ್, ಇಂಡಕ್ಷನ್ ತಳದ ಅಲ್ಯೂಮಿನಿಯಂ, ಯಾವ ಮುಚ್ಚಳ ಆದ್ರೂ ಸರಿ. ನಾಲ್ಕೈದು ಜನದ ಮನೆ, ಗ್ಯಾಸ್, ಅನ್ನ ಬೇಳೆ ತರಕಾರಿ ಒಟ್ಟಿಗೆ ಪಾತ್ರೆ ಜೋಡಿಸಿ ಇಡ್ತೀರಿ: 5 ಲೀಟರ್ ಎತ್ತರದ ಹೊರಮುಚ್ಚಳ, ಸಾದಾ ಅಲ್ಯೂಮಿನಿಯಮ್ಮೇ ಸಾಕು, ಉಳಿದ ದುಡ್ಡಲ್ಲಿ ಒಳಗಿಡೋಕೆ ಒಳ್ಳೇ ಸ್ಟೀಲ್ ಪಾತ್ರೆ ತಗೊಳ್ಳಿ. ಮಾಂಸ, ಹುಳಿ, ಮಸಾಲೆ ಎಲ್ಲಾ ನೇರವಾಗಿ ಕುಕ್ಕರ್ರಲ್ಲೇ ಹುರಿದು ಬೇಯಿಸ್ತೀರಿ, ಕೈಗೂ ಬಲ ಇದೆ: ಟ್ರೈಪ್ಲೈ, ಅಗಲದ್ದು, ಅಷ್ಟು ಬಜೆಟ್ ಇಲ್ಲಾಂದ್ರೆ ಹಾರ್ಡ್ ಅನೋಡೈಸ್ಡ್, ತೆಳು ಸ್ಟೀಲ್ ಮಾತ್ರ ಬೇಡ. ವಯಸ್ಸಾದೋರೇ ಅಡುಗೆ ಮಾಡೋ ಮನೆ: 3 ಲೀಟರ್ ಹಗುರ ಅಲ್ಯೂಮಿನಿಯಂ, ತಾನಾಗೇ ಲಾಕ್ ಆಗೋ ಪಿನ್ ಇರೋ ಹೊರಮುಚ್ಚಳ. ಕೂಗಿನ ಸದ್ದಿಗೆ ಬೆಚ್ಚಿಬೀಳೋರಿಗೆ, ಅಳತೆ ಟೈಮ್ ಇಟ್ಕೊಂಡು ಅಡುಗೆ ಮಾಡೋರಿಗೆ ಸ್ಪ್ರಿಂಗ್ ವಾಲ್ವಿನ ಸ್ಟೀಲ್, ಆದ್ರೆ ಬಿಡಿಭಾಗ ವಿಚಾರಿಸ್ದೇ ಬೇಡ. ಕುಕ್ಕರ್ರಲ್ಲೇ ಎಣ್ಣೆ ಹಾಕಿ ಮುಚ್ಚಳ ಮುಚ್ಚಿ ಕರಿಯೋದು, ನೀರಿಲ್ದೆ ಕೇಕ್ ಮಾಡೋದು ಅಂತೆಲ್ಲಾ ಯೋಚ್ನೆ ಇದ್ರೆ ಯಾವ ಕುಕ್ಕರ್ರೂ ಬೇಡ. ಒತ್ತಡದಲ್ಲಿರೋ ಕಾದ ಎಣ್ಣೆ ಬಹಳ ಅಪಾಯ, ನೀರಿಲ್ದೆ ಕಾಯಿಸಿದ್ರೆ ಗ್ಯಾಸ್ಕೆಟ್ಟು ವಾಲ್ವು ಎರಡೂ ಹಾಳು.

ಅಂಗಡೀಲಿ ನಿಂತಾಗ ಮುಚ್ಚಳ ನೀವೇ ಹಾಕಿ ತೆಗೆದು ನೋಡಿ, ಮಾರೋರು ಮಾಡಿ ತೋರ್ಸಿದ್ದು ಲೆಕ್ಕಕ್ಕಿಲ್ಲ. ವೆಯ್ಟ್ ತೆಗೆದು ತೂತಿನ ಕೊಳವೆ ಬೆಳಕಿಗೆ ಹಿಡಿದು ಆಚೆ ಕಡೆ ಕಾಣುತ್ತಾ ನೋಡಿ. ಕುಕ್ಕರ್ ಮಗುಚಿ ಸಮತಟ್ಟಾದ ಮೇಜಿನ ಮೇಲಿಟ್ಟು ಅಲ್ಲಾಡುತ್ತಾ ನೋಡಿ, ಬಾಯಂಚು ನೆಟ್ಟಗಿಲ್ಲ ಅಂದ್ರೆ ಅಲ್ಲೇ ಗೊತ್ತಾಗುತ್ತೆ. ಮನೆಗೆ ತಂದ ದಿನ ಅಡುಗೆ ಹಾಕೋ ಮುಂಚೆ ಕಾಲು ಭಾಗ ನೀರು ಮಾತ್ರ ಹಾಕಿ ಕೂಗಿಸಿ. ಮೊದ್ಲು ಒಂದೆರಡು ನಿಮಿಷ ಅಂಚಿಂದ ಹಬೆ, ಒಂದೆರಡು ಹನಿ ಬಂದ್ರೆ ಪರವಾಗಿಲ್ಲ, ಗ್ಯಾಸ್ಕೆಟ್ ಕೂತ್ಕೋತಾ ಇರುತ್ತೆ. ವೆಯ್ಟ್ ಕೂಗೋಕೆ ಶುರುವಾದ್ಮೇಲೂ ಅಂಚಲ್ಲಿ ಸುಸ್ ಅಂತ ಇದ್ರೆ ಒಲೆ ಆರ್ಸಿ, ತಣ್ಣಗಾದ್ಮೇಲೆ ಗ್ಯಾಸ್ಕೆಟ್ ತಿರುವಿ ಹಾಕಿ ಇನ್ನೊಂದ್ಸಲ ನೋಡಿ, ಆಗ್ಲೂ ಹಂಗೇ ಇದ್ರೆ ಬಿಲ್ ಹಿಡ್ಕೊಂಡು ಅವತ್ತೇ ಹೋಗಿ ಬದ್ಲಾಯಿಸ್ಕೊಂಡ್ ಬನ್ನಿ, ಒಂದು ಸಲ ಅಡುಗೆ ಮಾಡಿ ಕರೆ ಹಿಡಿದ್ಮೇಲೆ ವಾಪಸ್ ತಗೊಳ್ಳೋಕೆ ಕೊಸರಾಡ್ತಾರೆ.